ಹಬ್ಬದ ಅಡುಗೆ ಮುಗಿದ ಮೇಲೆ ಒಂದು ಮ್ಯಾಟಿನಿ: ಕನ್ನಡ ಚಿತ್ರೋದ್ಯಮಕ್ಕೆ ಬಹಿರಂಗ ಪತ್ರ

ಕನ್ನಡ ಚಿತ್ರಗಳ ನಿರ್ಮಾಪಕರಿಗೆ, ವಿತರಕರಿಗೆ ಮತ್ತು ಚಿತ್ರಮಂದಿರಗಳ ಮಾಲೀಕರಿಗೆ,



ಹೆಣ್ಣಿನ ಕಥೆ ಇಟ್ಟುಕೊಂಡು ಸಿನಿಮಾ ಮಾಡಿದರೆ ಥಿಯೇಟರಿಗೆ ಜನ ಬರುವುದಿಲ್ಲ ಎಂಬ ಮಾತು ಗಾಂಧಿನಗರದಲ್ಲಿ ಬಹಳ ವರ್ಷಗಳಿಂದ ಓಡಾಡುತ್ತಿದೆ. ಹೇಳಿ ಹೇಳಿ ಅದು ಗಟ್ಟಿಯಾಗಿದೆ. ಈಗ ಅದನ್ನು ಯಾರೂ ಪರೀಕ್ಷೆಗೆ ಒಡ್ಡುವುದಿಲ್ಲ. ಆ ಮಾತು ತಪ್ಪು ಎಂದು ನಿಮ್ಮ ಮುಂದೆ ವಾದಿಸುವುದಕ್ಕಾಗಿಯೇ ಈ ಪತ್ರ. ಹೆಣ್ಣುಮಕ್ಕಳ ಸಿನಿಮಾಕ್ಕೆ ಪ್ರೇಕ್ಷಕರಿದ್ದಾರೆ. ಅವರಿಗೆ ಕೈ ಬಿಡುವಿಲ್ಲದ ದಿನಗಳಲ್ಲಿ ನೀವು ಸಿನಿಮಾ ಕೊಡುತ್ತೀರಿ, ಅವರಿಗೆ ಬಿಡುವಾಗುವ ಹೊತ್ತಿಗೆ ತೆಗೆದುಬಿಡುತ್ತೀರಿ. ನಿಮ್ಮ ಬಿಡುಗಡೆಯ ಲೆಕ್ಕಾಚಾರದಲ್ಲಿ ಸರ್ಕಾರಿ ರಜೆ ಇದೆ, ಶಾಲೆಯ ರಜೆ ಇದೆ, ವಾರಾಂತ್ಯ ಇದೆ. ಅಡುಗೆಮನೆ ಮಾತ್ರ ಇಲ್ಲ. ಅದನ್ನು ಸೇರಿಸಿಕೊಂಡರೆ ಲೆಕ್ಕವೇ ಬದಲಾಗುತ್ತದೆ ಎಂಬುದು ನನ್ನ ನಂಬಿಕೆ.

ಹಬ್ಬಕ್ಕೆ ಚಿತ್ರ ಬಿಡುಗಡೆ ಮಾಡುವುದು ನಿಮ್ಮಲ್ಲಿ ಹಳೆಯ ಪದ್ಧತಿ. ಇತ್ತೀಚಿನವನ್ನೇ ನೋಡೋಣ. 2021ರ ಆಯುಧಪೂಜೆಯ ದಿನ ‘ಸಲಗ’ ಬಂತು. 2023ರ ದಸರೆಗೆ ‘ಘೋಸ್ಟ್’, 2024ರ ಆಯುಧಪೂಜೆಗೆ ‘ಮಾರ್ಟಿನ್’, ಅದೇ ವರ್ಷ ನರಕ ಚತುರ್ದಶಿಗೆ ‘ಬಘೀರ’, 2025ರ ವಿಜಯದಶಮಿಗೆ ‘ಕಾಂತಾರ ಚಾಪ್ಟರ್ 1’. ಎಲ್ಲವೂ ನಾಯಕನಟನ ಸುತ್ತ ಕಟ್ಟಿದ ದೊಡ್ಡ ಚಿತ್ರಗಳು. ಅಂಥ ಚಿತ್ರಗಳು ಹಬ್ಬಕ್ಕೆ ಬರಬಾರದು ಎಂದು ನಾನು ಹೇಳುತ್ತಿಲ್ಲ. ಅವನ್ನು ಮೆಚ್ಚಿ ನೋಡಿದ ಹೆಂಗಸರೂ ಇದ್ದಾರೆ. ನಾನು ಹೇಳುವುದು ಇಷ್ಟೇ: ಹಬ್ಬದ ದಿನದ ಮೊದಲ ಆಟಕ್ಕೆ ಸಾಲಿನಲ್ಲಿ ನಿಲ್ಲಬಲ್ಲವರು ಅಂದು ಅಡುಗೆಯ ಹೊಣೆ ಇಲ್ಲದವರು. ಆ ಸಾಲನ್ನು ಎಣಿಸಿ, ಕನ್ನಡದ ಪ್ರೇಕ್ಷಕ ಇವನೇ ಎಂದು ತೀರ್ಮಾನಿಸಿ, ಮುಂದಿನ ಹತ್ತು ಚಿತ್ರಗಳನ್ನು ಅವನಿಗಾಗಿಯೇ ಮಾಡಿದರೆ ಮನೆಯ ಇನ್ನರ್ಧ ಜನ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆ ಇನ್ನರ್ಧ ಜನ ಅಂದು ಏನು ಮಾಡುತ್ತಿರುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೋಳಿಗೆಯೊಂದನ್ನೇ ತೆಗೆದುಕೊಳ್ಳೋಣ. ಕನಕ ಬೆಳಿಗ್ಗೆಯೇ ಕಲಸಬೇಕು. ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ ಹಾಕಿ, ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಎರಡು ಮೂರು ಗಂಟೆ ನೆನೆಯಲು ಬಿಡಬೇಕು. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಬೇಯಬೇಕು, ಕರಗುವಷ್ಟು ಬೇಯಬಾರದು. ಕಟ್ಟು ಬಸಿದು ಸಾರಿಗೆ ಎತ್ತಿಡಬೇಕು. ಬೆಲ್ಲ ಸೇರಿಸಿ ಒಲೆಯ ಮೇಲೆ ನೀರಿನಂಶ ಆರುವ ತನಕ ಕೈಯಾಡಿಸಬೇಕು, ಏಲಕ್ಕಿ ಹಾಕಿ ನುಣ್ಣಗೆ ರುಬ್ಬಬೇಕು. ಹೂರಣ ಕೊಂಚ ಸಡಿಲವಾದರೂ ಹೋಳಿಗೆ ಕಾವಲಿಯ ಮೇಲೆ ಒಡೆಯುತ್ತದೆ. ಇಷ್ಟಾದ ಮೇಲೆ ತಟ್ಟುವ ಕೆಲಸ ಶುರು: ಒಂದೊಂದಾಗಿ ಎಲೆಯ ಮೇಲೆ ತಟ್ಟಿ, ಒಂದೊಂದಾಗಿ ಕಾವಲಿಗೆ ಮಗುಚಿ, ಎರಡೂ ಕಡೆ ಬೇಯಿಸಿ, ಬಿಸಿ ಇರುವಾಗಲೇ ತುಪ್ಪದೊಂದಿಗೆ ಎಲೆಗೆ ಬಡಿಸಬೇಕು. ಪಂಕ್ತಿ ಏಳುವ ತನಕ ಕಾವಲಿಯ ಮುಂದೆ ನಿಂತವರು ಅಲ್ಲಿಂದ ಕದಲುವಂತಿಲ್ಲ. ಜೊತೆಗೆ ಕೋಸಂಬರಿ, ಪಲ್ಯ, ಚಿತ್ರಾನ್ನ, ಆಂಬೊಡೆ, ಪಾಯಸ. ಅದಕ್ಕೂ ಮೊದಲು ಪೂಜೆಗೆ ಅಣಿ ಮಾಡುವುದು, ನೈವೇದ್ಯ. ಕೊನೆಗೆ ಪಾತ್ರೆ, ಒಲೆಕಟ್ಟೆ, ನೆಲ. ಈ ಕೆಲಸದಲ್ಲಿ ಕೌಶಲವಿದೆ, ಅಭಿಮಾನವಿದೆ, ಉಣ್ಣುವವರ ಮುಖ ನೋಡುವ ಸಂತೋಷವೂ ಇದೆ. ಮನೆಯಲ್ಲಿ ಹಬ್ಬದ ಅಡುಗೆ ನಿಂತುಹೋಗಲಿ ಎಂದು ಬಯಸುವವಳು ನಾನಲ್ಲ. ಆದರೆ ಪ್ರೀತಿಯಿಂದ ಮಾಡಿದರೂ ದುಡಿಮೆ ದುಡಿಮೆಯೇ. ಅದು ಹೊತ್ತು ತಿನ್ನುತ್ತದೆ, ಸೊಂಟ ಹಿಡಿಸುತ್ತದೆ. ಆ ದಿನವನ್ನು ಆಕೆಯ ಮಟ್ಟಿಗೂ ರಜೆ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ.

ಹಬ್ಬದ ದಿನಕ್ಕೆ ಮಾತ್ರ ಸೀಮಿತವಾದ ಸಂಗತಿಯೂ ಇದಲ್ಲ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2019ರಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು; ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಆ ಅಂಕಿಗಳು 289 ಮತ್ತು 88. ಐದು ವರ್ಷಗಳಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಇಳಿಯಿತು, ಗಂಡಸರದು ಒಂಬತ್ತು ನಿಮಿಷ ಇಳಿಯಿತು. ಅಂದರೆ ಹೆಂಗಸರ ಹೊರೆ ಕಡಿಮೆಯಾದದ್ದು ಗಂಡಸರು ಕೈಜೋಡಿಸಿದ್ದರಿಂದ ಅಲ್ಲ. ಈ ಸರಾಸರಿ ವರ್ಷದ ಎಲ್ಲ ಬಗೆಯ ದಿನಗಳನ್ನೂ ಒಟ್ಟಿಗೆ ಸೇರಿಸಿದ್ದು. ದೀಪಾವಳಿಯ ಮೂರು ದಿನಗಳನ್ನೋ ಗೌರಿ-ಗಣೇಶದ ಎರಡು ದಿನಗಳನ್ನೋ ಬೇರೆಯಾಗಿ ಅಳೆದರೆ ಅಂಕಿ ಎಲ್ಲಿಗೆ ಏರುತ್ತದೆ ಎಂಬುದನ್ನು ಯಾವ ಮನೆಯವರೂ ಊಹಿಸಬಲ್ಲರು. ನಿಮ್ಮ ಪ್ರೇಕ್ಷಕಿ ಎಲ್ಲಿ ಹೋದಳು ಎಂಬ ಪ್ರಶ್ನೆಗೆ ಉತ್ತರ ಈ ನಿಮಿಷಗಳಲ್ಲಿದೆ.

ಒಂದು ಕಾಲದಲ್ಲಿ ಕನ್ನಡ ಚಿತ್ರರಂಗ ಈ ಪ್ರೇಕ್ಷಕಿಯನ್ನು ಚೆನ್ನಾಗಿ ಅರಿತಿತ್ತು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’. ಅದು ತ್ರಿವೇಣಿಯವರ ಕಾದಂಬರಿ. ಮರುವರ್ಷ ಎಂ.ಆರ್. ವಿಠಲ್ ಅವರ ‘ಹಣ್ಣೆಲೆ ಚಿಗುರಿದಾಗ’, ಅದೂ ತ್ರಿವೇಣಿಯವರದೇ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಚಿತ್ರವಾಯಿತು, 1971ರಲ್ಲಿ ‘ಶರಪಂಜರ’ ಬಂತು. 1974ರಲ್ಲಿ ವಾಣಿಯವರ ‘ಎರಡು ಕನಸು’, 1975ರಲ್ಲಿ ಅವರದೇ ‘ಶುಭಮಂಗಳ’. 1983ರಲ್ಲಿ ಪ್ರೇಮಾ ಕಾರಂತರು ಇಂದಿರಾ ಅವರ ‘ಫಣಿಯಮ್ಮ’ನನ್ನು ತೆರೆಗೆ ತಂದರು, 1984ರಲ್ಲಿ ಉಷಾ ನವರತ್ನರಾಂ ಅವರ ಕಾದಂಬರಿ ‘ಬಂಧನ’ವಾಗಿ ಬಂತು. ಹೆಂಗಸರು ಬರೆದರು, ಹೆಂಗಸರು ಓದಿದರು, ಓದಿದ ಕಥೆಯನ್ನು ನೋಡಲು ಹೆಂಗಸರು ಥಿಯೇಟರಿಗೆ ಬಂದರು. ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಂಡತಿಯನ್ನು ಅವಳ ಮನೆಯೇ ಮತ್ತೆ ನಂಬಲಾರದ ‘ಶರಪಂಜರ’ದ ಕಥೆ ಜನರನ್ನು ಎಷ್ಟು ಕಲಕಿತೆಂದರೆ ಕಲ್ಪನಾ ಅವರ ಕಾವೇರಿ ಇಂದಿಗೂ ಕನ್ನಡಿಗರ ನೆನಪಿನಲ್ಲಿದ್ದಾಳೆ. ‘ಶರಪಂಜರ’ ಲಾಭ ತಂದ ಸಿನಿಮಾ, ಪ್ರಶಸ್ತಿಗಾಗಿ ಮಾತ್ರ ಮಾಡಿದ್ದಲ್ಲ. ಆಗ ಅಂಥ ಚಿತ್ರಗಳನ್ನು ಹೊತ್ತು ನಿಂತದ್ದು ಮ್ಯಾಟಿನಿ. ಮಧ್ಯಾಹ್ನದ ಊಟ ಮುಗಿದು, ಅಡುಗೆಮನೆ ಒರೆಸಿ, ಸಂಜೆಯ ಕಾಫಿಯ ಹೊತ್ತು ಬರುವ ಮೊದಲು ಸಿಗುವ ಎರಡು ಮೂರು ಗಂಟೆಗಳಿವೆಯಲ್ಲ, ಮ್ಯಾಟಿನಿ ಆಟ ಕೂತದ್ದು ಸರಿಯಾಗಿ ಆ ಜಾಗದಲ್ಲಿ. ಕಾದಂಬರಿ ಓದುತ್ತಿದ್ದದ್ದೂ ಅದೇ ಹೊತ್ತಿನಲ್ಲಿ. ಅಡುಗೆಮನೆಯ ವೇಳಾಪಟ್ಟಿಗೂ ಚಿತ್ರಮಂದಿರದ ವೇಳಾಪಟ್ಟಿಗೂ ಅಂದು ಹೊಂದಾಣಿಕೆ ಇತ್ತು.

ಇಂದು ಅಂಥ ಚಿತ್ರಗಳು ಬರುತ್ತಿಲ್ಲವೇ ಎಂದರೆ, ಬರುತ್ತಿವೆ. ಮಂಸೋರೆಯವರ ‘ನಾತಿಚರಾಮಿ’ 2018ರಲ್ಲಿ ಬಂದು ರಾಷ್ಟ್ರಪ್ರಶಸ್ತಿಗಳನ್ನು ಪಡೆಯಿತು. ರೂಪಾ ರಾವ್ ಅವರ ‘ಗಂಟುಮೂಟೆ’ ಹೈಸ್ಕೂಲು ಹುಡುಗಿಯ ಮನಸ್ಸನ್ನು ಅವಳ ಕಣ್ಣಿನಿಂದಲೇ ತೋರಿಸಿತು. ಚಂಪಾ ಶೆಟ್ಟಿ ವೈದೇಹಿಯವರ ಕಥೆಗಳಿಂದ ‘ಅಮ್ಮಚ್ಚಿಯೆಂಬ ನೆನಪು’ ಮಾಡಿದರು. ಆಮೇಲೆ, ಮಗಳಿಗೆ ಒಂದು ದಿನ ಕೋಳಿ ಎಸ್ರು ಮಾಡಿ ಬಡಿಸಬೇಕೆಂಬ ಬಡ ತಾಯಿಯ ಆಸೆಯನ್ನು ‘ಕೋಳಿ ಎಸ್ರು’ ಚಿತ್ರದ ಜೀವಾಳವಾಗಿಸಿದರು. ಅಡುಗೆಯೊಂದು ಒಂದು ಹೆಣ್ಣಿನ ಬಾಳಿನಲ್ಲಿ ಎಷ್ಟು ದೊಡ್ಡ ಮಾತು ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಕನ್ನಡ ಚಿತ್ರಗಳು ಕಡಿಮೆ. ಆದರೆ ಇಂಥ ಚಿತ್ರಗಳಿಗೆ ಸಿಗುವುದೇನು? ಕೆಲವೇ ಪರದೆ, ಹೊಂದದ ಹೊತ್ತಿನ ಒಂದು ಆಟ, ಮೊದಲ ಮೂರು ದಿನದ ಗಳಿಕೆ ನೋಡಿ ಸೋಮವಾರ ಕತ್ತರಿ. ಶುಕ್ರವಾರ ಬೆಳಿಗ್ಗೆಯೇ ಓಡಿಬರುವವನು ಅಭಿಮಾನಿ ಸಂಘಗಳಿರುವ ನಟರ ಚಿತ್ರಗಳ ಪ್ರೇಕ್ಷಕ. ಹೆಂಗಸರು ಸಿನಿಮಾಕ್ಕೆ ಬರುವ ದಾರಿ ಬೇರೆ. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಬೇಕು. ಅಕ್ಕ, ಓರಗಿತ್ತಿ, ಪಕ್ಕದ ಮನೆಯವರು ಸೇರಿ ದಿನ ಗೊತ್ತುಮಾಡಬೇಕು. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ತೀರ್ಮಾನವಾಗಬೇಕು. ಅಷ್ಟು ಹೊತ್ತಿಗೆ ಎರಡನೇ ವಾರ ಬಂದಿರುತ್ತದೆ, ಚಿತ್ರ ಎತ್ತಂಗಡಿಯಾಗಿರುತ್ತದೆ. ಬರುವ ಮೊದಲೇ ಬಾಗಿಲು ಮುಚ್ಚಿ, ಯಾರೂ ಬರಲಿಲ್ಲ ಎಂದು ಬರೆದುಕೊಂಡರೆ ಅದು ಸಾಕ್ಷ್ಯವಾಗುವುದಿಲ್ಲ.

ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಮರಾಠಿ ಚಿತ್ರರಂಗದಲ್ಲಿ ಒಳ್ಳೆಯ ನಿದರ್ಶನವಿದೆ. ಕೇದಾರ್ ಶಿಂದೆ ನಿರ್ದೇಶನದ ‘ಬಾಯಿಪಣ್ ಭಾರಿ ದೇವಾ’ 2023ರ ಜೂನ್ 30ರಂದು ಬಿಡುಗಡೆಯಾಯಿತು. ಮನಸ್ತಾಪಗಳಿಂದ ದೂರವಾಗಿದ್ದ ಆರು ಮಂದಿ ಅಕ್ಕತಂಗಿಯರು ಮಂಗಳಾಗೌರಿ ಹಾಡು-ಆಟದ ಸ್ಪರ್ಧೆಗಾಗಿ ಮತ್ತೆ ಒಂದಾಗುವ ಕಥೆ ಅದು. ನಡುವಯಸ್ಸು ದಾಟಿದ ಹೆಂಗಸರೇ ಮುಖ್ಯ ಪಾತ್ರಗಳು. ದೊಡ್ಡ ನಾಯಕನಟ ಇಲ್ಲ. ಹೆಂಗಸರು ಗುಂಪು ಗುಂಪಾಗಿ, ಹಬ್ಬದ ಸೀರೆ ಉಟ್ಟು ಥಿಯೇಟರಿಗೆ ಬಂದರು. ಮರಾಠಿಯಲ್ಲಿ ‘ಸೈರಾಟ್’ ಬಿಟ್ಟರೆ ಅತಿ ಹೆಚ್ಚು ಗಳಿಸಿದ ಚಿತ್ರಗಳ ಸಾಲಿಗೆ ಅದು ಸೇರಿತು. ಆ ತಾರೀಖನ್ನು ಗಮನಿಸಿ. ಅದು ದೀಪಾವಳಿಯೂ ಅಲ್ಲ, ಗಣೇಶ ಚೌತಿಯೂ ಅಲ್ಲ. ಆಷಾಢ ಏಕಾದಶಿಯ ಮರುದಿನ. ಮದುವೆ ಮುಂಜಿಗಳಿಲ್ಲದ, ಹಬ್ಬದೂಟದ ಒತ್ತಡವಿಲ್ಲದ, ಶ್ರಾವಣದ ಸಡಗರ ಇನ್ನೂ ಶುರುವಾಗದ ಕಾಲ. ಮಂಗಳಗೌರಿ ವ್ರತ ನಮ್ಮಲ್ಲೂ ಇದೆ, ಆಷಾಢವೂ ಇದೆ, ಅಕ್ಕತಂಗಿಯರೂ ಇದ್ದಾರೆ. ನಮ್ಮಲ್ಲಿ ಆಷಾಢವೆಂದರೆ ಹೊಸದಾಗಿ ಮದುವೆಯಾದ ಹುಡುಗಿ ತವರಿನಲ್ಲಿರುವ ತಿಂಗಳು. ತಾಯಿ ಮಗಳು ಜೊತೆಯಾಗಿ ಸಿನಿಮಾಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಕಾಲ ಯಾವುದಿದೆ?

ಹೆಣ್ಣುಮಕ್ಕಳಿಗೆ ಬಿಡುವು ಮಾಡಿಕೊಡುವ ಜಾಣತನ ನಮ್ಮ ಹಬ್ಬಗಳಲ್ಲೇ ಇದೆ ಎಂಬುದನ್ನೂ ಹೇಳಬೇಕು. ಉತ್ತರ ಕರ್ನಾಟಕದ ನಾಗರ ಪಂಚಮಿಯನ್ನು ನೋಡಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು ಎಲ್ಲವೂ ದಿನಗಟ್ಟಲೆ ಕೆಡದೆ ಉಳಿಯುವ ತಿನಿಸು, ಎಲ್ಲವನ್ನೂ ಮೊದಲೇ ಮಾಡಿ ಡಬ್ಬಿ ತುಂಬಿಡುತ್ತಾರೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು, ಏನನ್ನೂ ಕರಿಯಬಾರದು ಎಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿದೆ. ಹೀಗಾಗಿ ಅಂದು ಹೆಂಗಸರು ಕಾವಲಿಯ ಮುಂದೆ ನಿಂತಿರುವುದಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಜೀಕುತ್ತಿರುತ್ತಾರೆ. ಅಡುಗೆ ಮೊದಲೇ ಮುಗಿದದ್ದರಿಂದ ಆಟಕ್ಕೆ ಹೊತ್ತು ಹುಟ್ಟಿತು. ಹೋಳಿಗೆಯ ಹಬ್ಬಕ್ಕೂ ಉಂಡಿಯ ಹಬ್ಬಕ್ಕೂ ಇರುವ ಈ ವ್ಯತ್ಯಾಸವನ್ನು ವಿತರಕರು ಅರಿತರೆ ಸಾಕು. ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರದ ಥಿಯೇಟರುಗಳಲ್ಲಿ ಪಂಚಮಿಯ ವಾರ ಹೆಣ್ಣುಮಕ್ಕಳಿಗಾಗಿಯೇ ಒಂದು ಹೊಸ ಕನ್ನಡ ಚಿತ್ರ ಬಂದರೆ ಅದು ಆ ಹಬ್ಬದ ಸ್ವಭಾವಕ್ಕೇ ಒಪ್ಪುವ ಸಂಗತಿ. ಹಾಗೆಂದು ಎಲ್ಲ ಹಬ್ಬಕ್ಕೂ ಒಂದೇ ಸೂತ್ರ ನಡೆಯುವುದಿಲ್ಲ. ಹಳೇ ಮೈಸೂರು ಕಡೆ ಯುಗಾದಿಯ ಮರುದಿನ ಹೊಸತೊಡಕು. ಅಂದು ಮಾಂಸದಡುಗೆಯ ದೊಡ್ಡ ಸಂಭ್ರಮ, ಅಡುಗೆಮನೆಗೆ ಮೊದಲ ದಿನಕ್ಕಿಂತ ಹೆಚ್ಚಿನ ಕೆಲಸ. ಅಲ್ಲಿ ಮರುದಿನವೂ ಬೇಡ, ಮರುವಾರ ಬೇಕು. ಗೌರಿ ಹಬ್ಬದ ಮರುದಿನ ಗಣೇಶನ ಕಡುಬು ಕಾದಿರುತ್ತದೆ. ಊರೂರಿನ ಥಿಯೇಟರ್ ಮಾಲೀಕರಿಗೆ ತಮ್ಮ ಊರಿನ ಹಬ್ಬದ ಲಯ ಗೊತ್ತೇ ಇದೆ. ಅದನ್ನು ವ್ಯಾಪಾರಕ್ಕೂ ಬಳಸಿ ಎಂಬುದಷ್ಟೇ ನನ್ನ ಮಾತು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಒಂದೊಂದಾಗಿ ಎದುರಿಸುತ್ತೇನೆ. ಮೊದಲನೆಯದು: ಹೆಂಗಸರು ಮನೆಯಲ್ಲೇ ಧಾರಾವಾಹಿ, ಒಟಿಟಿ ನೋಡುತ್ತಾರೆ, ಥಿಯೇಟರು ಅವರಿಗೆ ಯಾಕೆ ಎಂಬುದು. ಮನೆಯಲ್ಲಿ ಸಿನಿಮಾ ಓಡುತ್ತದೆ ನಿಜ, ಆದರೆ ಅದನ್ನು ನೋಡಲು ಬಿಡುವವರು ಯಾರು? ಬೆಳ್ಳುಳ್ಳಿ ಸುಲಿಯುತ್ತಾ, ಅವರೆಕಾಯಿ ಬಿಡಿಸುತ್ತಾ, ಕುಕ್ಕರಿನ ಕೂಗು ಎಣಿಸುತ್ತಾ, ನಡುನಡುವೆ ಎದ್ದು ಹೋಗಿ ಬಂದು ನೋಡುವುದು ಅದು. ಧಾರಾವಾಹಿ ಹಾಗೆ ನೋಡಿದರೂ ಅರ್ಥವಾಗುವಂತೆ ಕಟ್ಟಿರುತ್ತಾರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಒಳ್ಳೆಯ ಸಿನಿಮಾ ಮಾತ್ರ ಹಾಗಲ್ಲ, ಅದು ಇಡೀ ಗಮನ ಕೇಳುತ್ತದೆ. ಮನೆಯವರು ಯಾರೂ ಏನನ್ನೂ ಕೇಳದ ಎರಡೂವರೆ ಗಂಟೆ ಸಿಗುವುದು ಥಿಯೇಟರಿನ ಕುರ್ಚಿಯಲ್ಲಿ. ಒಟಿಟಿಯವರು ಈ ಪ್ರೇಕ್ಷಕಿಯನ್ನು ನಿಮಗಿಂತ ಚೆನ್ನಾಗಿ ಬಲ್ಲರು ಎಂದೂ ತಿಳಿಯಬೇಡಿ. ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಅನ್ನು ದೊಡ್ಡ ಒಟಿಟಿ ವೇದಿಕೆಗಳು ಮೊದಲು ಬೇಡವೆಂದವು. 2021ರ ಜನವರಿಯಲ್ಲಿ ನೀಸ್ಟ್ರೀಮ್ ಎಂಬ ಸಣ್ಣ ವೇದಿಕೆಯಲ್ಲಿ ಬಂದ ಮೇಲೆ ಅದು ಮನೆಮನೆಯ ಮಾತಾಯಿತು. ದೊಡ್ಡವರು ಆಮೇಲೆ ಬಂದರು. ಸೋರುವ ಸಿಂಕಿನ ಪೈಪನ್ನು ರಿಪೇರಿ ಮಾಡಿಸಿ ಎಂದು ಗಂಡನಿಗೆ ಹೇಳಿ ಹೇಳಿ ಸೋತ ಹೆಂಡತಿಯ ಕಥೆ ಭಾಷೆ ಗೊತ್ತಿಲ್ಲದವರಿಗೂ ಮುಟ್ಟಿತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸಿನಿಮಾದ ದಿನವನ್ನು ಅಡುಗೆಗೆ ಹೊಂದಿಸುವುದೆಂದರೆ ಅಡುಗೆ ಹೆಂಗಸರದೇ ಎಂದು ಒಪ್ಪಿಕೊಂಡಂತಲ್ಲವೇ, ಬದಲಾಗಬೇಕಾದ್ದು ಮನೆಯೇ ಹೊರತು ಥಿಯೇಟರಿನ ವೇಳಾಪಟ್ಟಿಯಲ್ಲ ಎಂದು ಕೆಲವರು ಹೇಳಬಹುದು. ಮನೆ ಬದಲಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹೋಳಿಗೆ ತಟ್ಟುವುದು ಗಂಡಸರ ಕೈಗೆ ಬಾರದ್ದೇನೂ ಅಲ್ಲ. ಮದುವೆ ಮನೆಗಳಲ್ಲಿ ಸಾವಿರಾರು ಹೋಳಿಗೆ ಬೇಯಿಸುವ ಅಡುಗೆಭಟ್ಟರು ಗಂಡಸರೇ. ಆದರೆ ಐದು ವರ್ಷಕ್ಕೆ ಹತ್ತು ನಿಮಿಷದ ವೇಗದಲ್ಲಿ ಆಗುವ ಬದಲಾವಣೆಗೆ ಕಾಯುತ್ತಾ ಈಗಿನ ತಲೆಮಾರಿನ ಹೆಂಗಸರು ಸಿನಿಮಾ ಬಿಟ್ಟು ಕೂರಬೇಕೇ? ಎರಡೂ ಕೆಲಸ ಒಟ್ಟಿಗೇ ಆಗಲಿ. ಅಡುಗೆಮನೆಯನ್ನು ಪ್ರಶ್ನಿಸುವ ಚಿತ್ರವನ್ನು ಅಲ್ಲಿ ದುಡಿಯುವವರು ನೋಡುವಂತಾದರೆ ಮನೆ ಬದಲಾಗುವ ಕೆಲಸವೂ ಬೇಗ ಆದೀತು. ಈಗ ಹೋಳಿಗೆ ಅಂಗಡಿಯಲ್ಲೇ ಸಿಗುತ್ತದಲ್ಲ ಎನ್ನುವವರೂ ಇದ್ದಾರೆ. ಸಿಗುತ್ತದೆ, ಅದರಿಂದ ಅನುಕೂಲವೂ ಆಗಿದೆ. ಆದರೆ ಕೊಂಡು ತಂದ ಹೋಳಿಗೆ ಎಲೆಯ ಒಂದು ಮೂಲೆಗೆ ಮಾತ್ರ ಸಾಕಾಗುತ್ತದೆ. ಉಳಿದ ಎಲೆ, ಪೂಜೆ, ಬಂದವರ ಉಪಚಾರ, ಪಾತ್ರೆಗಳ ರಾಶಿ ಮನೆಯಲ್ಲೇ ಉಳಿಯುತ್ತವೆ.

ಮೂರನೆಯದು, ಹೆಂಗಸರ ಸಿನಿಮಾ ಎಂಬ ಹಣೆಪಟ್ಟಿಯೇ ಗಂಡಸರನ್ನು ದೂರ ಮಾಡುತ್ತದೆ, ಅದು ಬರೀ ಕಣ್ಣೀರಿನ ಸಿನಿಮಾ ಎಂಬ ಭಯ. ಹೆಣ್ಣಿನ ನಿರ್ಧಾರದಿಂದ ಕಥೆ ಮುಂದೆ ಸಾಗುವ ಸಿನಿಮಾವನ್ನೇ ನಾನು ಹೆಣ್ಣುಮಕ್ಕಳ ಸಿನಿಮಾ ಎಂದು ಕರೆಯುತ್ತಿದ್ದೇನೆ. ಗಂಡಸರು ಬರಬಾರದೆಂದು ಅಲ್ಲಿ ಬರೆದಿಲ್ಲ; ‘ಶರಪಂಜರ’ವನ್ನು ಗಂಡಸರೂ ನೋಡಿದ್ದಾರೆ, ನೋಡಿ ಕಲಿತಿದ್ದಾರೆ. ಅಳುವೇ ಇರಬೇಕೆಂದೂ ಇಲ್ಲ. ‘ಬಾಯಿಪಣ್ ಭಾರಿ ದೇವಾ’ ಜನರನ್ನು ನಗಿಸಿತು, ಕುಣಿಸಿತು. ಮನೆಯಲ್ಲಿ ಸದಾ ಇನ್ನೊಬ್ಬರಿಗೆ ಬಡಿಸುವವರು ಒಂದು ಮಧ್ಯಾಹ್ನ ತಮ್ಮವರ ಜೊತೆ ಕೂತು ಮನಸಾರೆ ನಗುವುದು ಸಣ್ಣ ಸಂಗತಿಯಲ್ಲ. ಮನರಂಜನೆ ಬೇಕೆನ್ನುವ ಹಕ್ಕು ಅವರಿಗೂ ಇದೆ. ಅದಕ್ಕೆ ಸಮಾಜ ಸುಧಾರಣೆಯ ನೆಪವನ್ನು ಜೋಡಿಸಲೇಬೇಕೆಂದಿಲ್ಲ.

ಹೆಂಗಸರು ಮನೆ ಬಿಟ್ಟು ಬರುವುದಿಲ್ಲ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ನಮ್ಮ ರಸ್ತೆಗಳಲ್ಲೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಉಚಿತವಾಯಿತು. ಧರ್ಮಸ್ಥಳ, ಶೃಂಗೇರಿ, ಮೈಸೂರಿನ ಬಸ್ಸುಗಳು ತುಂಬಿದವು. 2025ರ ಜುಲೈ ಹೊತ್ತಿಗೆ ಆ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಹೆಂಗಸರಿಗೆ ತಿರುಗಾಟದ ಆಸೆ ಅಂದು ಹೊಸದಾಗಿ ಹುಟ್ಟಲಿಲ್ಲ. ಆಸೆ ಮೊದಲೇ ಇತ್ತು, ಬಸ್ಸಿನ ಖರ್ಚು ಅದನ್ನು ತಡೆದಿತ್ತು. ಸಿನಿಮಾದ ಆಸೆಯೂ ಹಾಗೆಯೇ ಇದೆ. ಅದನ್ನು ತಡೆದಿರುವುದು ಟಿಕೆಟ್ ದರ, ಹೊತ್ತು ಮತ್ತು ಹೊಂದದ ದಿನ. ಈ ಮೂರೂ ನಿಮ್ಮ ಕೈಯಲ್ಲಿವೆ.

ನಾನು ಕೇಳುತ್ತಿರುವುದು ಹೆಚ್ಚೇನಿಲ್ಲ. ಆಷಾಢ, ಪಂಚಮಿಯ ವಾರ, ದೊಡ್ಡ ಹಬ್ಬದ ಮರುವಾರ ಇವುಗಳನ್ನು ಹೆಣ್ಣುಮಕ್ಕಳ ಚಿತ್ರಗಳಿಗೆ ಮೀಸಲಿಡಿ. ಇಂಥ ಚಿತ್ರಕ್ಕೆ ಇಡೀ ದಿನದ ಆಟ ಕೊಡಲಾಗದಿದ್ದರೆ ವಾರದ ದಿನಗಳ ಮ್ಯಾಟಿನಿಯನ್ನಾದರೂ ಕೊಡಿ. ಹೇಗೂ ಆ ಹೊತ್ತಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ ಇರುತ್ತವೆ. ಮೊದಲ ಸೋಮವಾರಕ್ಕೇ ಕತ್ತರಿ ಹಾಕದೆ ಕನಿಷ್ಠ ಮೂರು ವಾರ ಉಳಿಸಿ. ಸ್ತ್ರೀಶಕ್ತಿ ಸಂಘಗಳು, ಮಹಿಳಾ ಮಂಡಳಿಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಅವರಿಗೆ ಗುಂಪು ಟಿಕೆಟ್ ಕೊಡಿ, ದರ ಇಳಿಸಿ, ಶೌಚಾಲಯ ಶುಚಿಯಾಗಿಡಿ, ಸಂಜೆಯ ಬಸ್ಸಿಗೆ ಹೊತ್ತಾಗದಂತೆ ಆಟ ಬಿಡಿ. ನಿರ್ಮಾಪಕರೇ, ಇಂದಿನ ಕನ್ನಡ ಲೇಖಕಿಯರ ಕಥೆ ಕಾದಂಬರಿಗಳನ್ನು ತೆರೆದು ಓದಿ. ತ್ರಿವೇಣಿ, ಇಂದಿರಾ, ವಾಣಿಯವರ ಪುಸ್ತಕಗಳನ್ನು ನಿಮ್ಮ ಹಿರಿಯರು ಓದಿದ್ದರಿಂದಲೇ ಕನ್ನಡ ಚಿತ್ರರಂಗಕ್ಕೆ ಆ ಕಾಲ ಸಿಕ್ಕಿತು. ಮುಂದಿನ ವರ್ಷದ ಬಿಡುಗಡೆಯ ಪಟ್ಟಿ ಹಾಕಲು ಕೂರುವಾಗ ಒಂದು ಆಷಾಢ, ಒಂದು ಪಂಚಮಿ ಈ ಪ್ರಯೋಗ ಮಾಡಿ ನೋಡಿ. ಅದಾದ ಮೇಲೂ ಕುರ್ಚಿ ಖಾಲಿ ಉಳಿದರೆ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಪ್ರಯೋಗ ಮಾಡುವ ತನಕ, ಪ್ರೇಕ್ಷಕಿಯರಿಲ್ಲ ಎಂಬ ಮಾತನ್ನು ದಯವಿಟ್ಟು ಆಡಬೇಡಿ.

ಇಂತಿ,
ಕನ್ನಡ ಚಿತ್ರಗಳ ಒಬ್ಬ ಪ್ರೇಕ್ಷಕಿ